ಕುಷ್ಠರೋಗಿಗಳಿಗೆ ಆಸರೆಯಾದ ಫಾದರ್ ಮುಲ್ಲರ್

ಸಂತೆಕಟ್ಟೆಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಸಾಗಿದರೆ ಮಂಗಳೂರು. ಅಲ್ಲಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳದವರು ನಮ್ಮ ಕರಾವಳಿಯಲ್ಲಿ ವಿರಳ. ಆದರೆ ಆ ಹೆಸರಿನ ಹಿಂದಿರುವ ವ್ಯಕ್ತಿಯ ಬಗ್ಗೆ ತಿಳಿದವರು ಕಡಿಮೆ.

ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಜೆಸ್ವಿಟ್ ಸಂಘದ ಧರ್ಮಗುರುವಾಗಿ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಉಡುಪಿ, ಕಾರ್ಕಳಗಳೂ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬಡವರಿಗೆ ವೈದ್ಯರ ಸಹಾಯ ಸಿಗುವುದು ದುರ್ಲಭವಾಗಿದ್ದ ಕಾಲವದು. ಹೋಮಿಯೋಪತಿಯನ್ನು ಅರಿತಿದ್ದ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ಆರಂಭಿಸಿದರು.

ಆ ದಿನಗಳಲ್ಲಿ ಕುಷ್ಠರೋಗವೆಂದರೆ ಜನ ಬೆಚ್ಚಿಬೀಳುತ್ತಿದ್ದರು. ಅದು ಪಾಪದ ಫಲವೆಂದೂ ವಂಶಪಾರಂಪರ್ಯವೆಂದೂ ನಂಬಿ, ರೋಗಿಯನ್ನು ಮನೆಯಿಂದಲೇ ಹೊರಹಾಕುತ್ತಿದ್ದರು. ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರೂ ಸಾಮಾನ್ಯ ಜನರ ನಂಬಿಕೆ ಬದಲಾಗಿರಲಿಲ್ಲ. ಹೀಗೆ ದಿಕ್ಕಿಲ್ಲದವರಿಗಾಗಿ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ತೆರೆದರು. ಪ್ಲೇಗ್ ಹಾವಳಿಯ ಕಾಲದಲ್ಲಿ, 1902ರಲ್ಲಿ, ಪ್ಲೇಗ್ ಆಸ್ಪತ್ರೆಯನ್ನೂ ಸ್ಥಾಪಿಸಿದರು. 1910ರಲ್ಲಿ ಅವರು ತೀರಿಕೊಂಡರು. ಅವರು ನೆಟ್ಟ ಸಸಿ ಮುಂದೆ ಹೆಮ್ಮರವಾಗಿ, 1999ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು.

ಒಂದು ಸತ್ಯವನ್ನು ಇಲ್ಲಿ ಹೇಳಲೇಬೇಕು. ಕುಷ್ಠರೋಗವನ್ನು ಗುಣಪಡಿಸುವ ಔಷಧ ಮುಲ್ಲರ್ ಅವರ ಬಳಿ ಇರಲಿಲ್ಲ. ಅಂದು ಯಾವ ವೈದ್ಯಪದ್ಧತಿಯಲ್ಲೂ ಇರಲಿಲ್ಲ. ಅವರು ಕೊಟ್ಟದ್ದು ಸೂರು ಮತ್ತು ಆರೈಕೆ. ಅದು ಸಣ್ಣ ಮಾತಲ್ಲ. ಏಕೆಂದರೆ ಈ ರೋಗದ ಬ್ಯಾಕ್ಟೀರಿಯಾ ಬೆರಳುಗಳನ್ನು ನೇರವಾಗಿ ತಿಂದುಹಾಕುವುದಿಲ್ಲ. ಅದು ಚರ್ಮವನ್ನೂ ನರಗಳನ್ನೂ ಬಾಧಿಸಿ, ಸ್ಪರ್ಶಜ್ಞಾನವನ್ನು ಕಳೆಯುತ್ತದೆ. ಕೈ ಸುಟ್ಟರೂ ಕಾಲಿಗೆ ಮುಳ್ಳು ಚುಚ್ಚಿದರೂ ರೋಗಿಗೆ ಗೊತ್ತಾಗುವುದಿಲ್ಲ. ಗಮನಿಸದೆ ಬಿಟ್ಟ ಗಾಯಕ್ಕೆ ಬೇರೆ ಬ್ಯಾಕ್ಟೀರಿಯಾಗಳು ಸೇರಿ ಕೀವಾಗುತ್ತದೆ. ಅದು ಮಾಂಸಕ್ಕೂ ಮೂಳೆಗೂ ಇಳಿದು ಅಂಗವನ್ನು ಊನಗೊಳಿಸುತ್ತದೆ. ಗಾಯವನ್ನು ದಿನವೂ ನೋಡಿ, ತೊಳೆದು, ಬಟ್ಟೆ ಕಟ್ಟುವವರಿದ್ದರೆ ಎಷ್ಟೋ ಕೈಕಾಲುಗಳು ಉಳಿಯುತ್ತವೆ. ಬೀದಿಗೆ ದೂಡಲ್ಪಟ್ಟವನಿಗೆ ಇಲ್ಲದಿರುವುದು ಈ ಆರೈಕೆಯೇ.

ಇಂದು ಔಷಧವಿದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯನ್ನು 6ರಿಂದ 12 ತಿಂಗಳು ತಪ್ಪದೆ ಪಡೆದರೆ ರೋಗ ಪೂರ್ಣ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ನಿಯಮವನ್ನು 2019ರಲ್ಲಿ ಸಂಸತ್ತು ಹಿಂದೂ ವಿವಾಹ ಕಾಯ್ದೆಯಿಂದಲೂ, 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಿಂದಲೂ ತೆಗೆದುಹಾಕಿತು. ಕಾನೂನು ಬದಲಾಗಿದೆ; ನಮ್ಮ ಮನಸ್ಸೂ ಬದಲಾಗಬೇಕು.

ವಿದ್ಯಾರ್ಥಿಗಳೇ, ಮೈಮೇಲೆ ಮುಟ್ಟಿದರೆ ತಿಳಿಯದ ಬಿಳಿಚಿದ ಅಥವಾ ಕೆಂಪಾದ ಮಚ್ಚೆ ಕಂಡರೆ, ಕೈಕಾಲು ಜೋಮು ಹಿಡಿದಂತಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಮನೆಯಲ್ಲಿ ಹಿರಿಯರಿಗೂ ತಿಳಿಸಿ. ಔಷಧವೇ ಇಲ್ಲದ ಕಾಲದಲ್ಲಿ ದೂರದ ದೇಶದವರೊಬ್ಬರು ಈ ರೋಗಿಗಳನ್ನು ಹತ್ತಿರ ಕರೆದರು. ಔಷಧವಿರುವ ಈ ಕಾಲದಲ್ಲಿ ನಾವು ಅವರನ್ನು ದೂರವಿಟ್ಟರೆ ಕಲಿತ ವಿದ್ಯೆಗೆ ಅರ್ಥವಿಲ್ಲ.