ಯಂತ್ರಭಾಷೆಗಳ ಬಾಂಧವ್ಯವನ್ನು ಅರಸಿದ ಆಂದ್ರೇಯ್ ಯೆರ್ಶೋವ್

1931ರ ಏಪ್ರಿಲ್ 19ರಂದು ಮಾಸ್ಕೋ ನಗರದಲ್ಲಿ ಜನಿಸಿದ ಆಂದ್ರೇಯ್ ಪೆತ್ರೋವಿಚ್ ಯೆರ್ಶೋವರ ಬಾಲ್ಯ ನೆಮ್ಮದಿಯದಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರು ಜರ್ಮನ್ ಸೇನೆಯ ವಶವಾಗಿದ್ದ ಉಕ್ರೇನಿನ ಊರೊಂದರಲ್ಲಿ ಸಿಲುಕಿದ್ದರು. ಶತ್ರುವಶವಾದ ನೆಲದಲ್ಲಿ ವಾಸಿಸಿದವರೆಂಬ ಕಾರಣಕ್ಕೆ ಮುಂದೆ ಭೌತವಿಜ್ಞಾನದ ಬಾಗಿಲು ಅವರಿಗೆ ಮುಚ್ಚಿತು. ಗಣಿತವನ್ನು ಆಶ್ರಯಿಸಿ 1954ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಪದವೀಧರರಾದರು. ಆ ಅನ್ಯಾಯವು ಗಣಕಶಾಸ್ತ್ರಕ್ಕೆ ಲಾಭವಾಯಿತೆಂಬುದು ವಿಧಿಯ ವೈಚಿತ್ರ್ಯ.

ಮನುಷ್ಯನು ಬರೆದ ಕ್ರಮವಿಧಿಯನ್ನು ಯಂತ್ರದ ಸಂಕೇತಗಳಿಗೆ ತಿರುಗಿಸುವ ಅನುವಾದಕಕ್ಕೆ ಕಂಪೈಲರ್ ಎಂದು ಹೆಸರು. ಬೆಸ್ಮ್ ಯಂತ್ರಕ್ಕಾಗಿ ರಚಿತವಾದ ಇಂತಹ ಅನುವಾದಕವನ್ನು ಕುರಿತು ಯೆರ್ಶೋವರು 1958ರಲ್ಲಿ ಪ್ರಕಟಿಸಿದ ಗ್ರಂಥವು ಮರುವರ್ಷವೇ ಇಂಗ್ಲಿಷಿಗೆ ಬಂದಿತು. ಬಳಿಕ ಸೈಬೀರಿಯದ ನೊವೊಸಿಬಿರ್ಸ್ಕ್ ಅವರ ಕರ್ಮಭೂಮಿಯಾಯಿತು. ಕೇವಲ 4096 ಪದಗಳ ಸ್ಮೃತಿಯುಳ್ಳ ಎಂ-20 ಯಂತ್ರಕ್ಕೆ ಅಲ್ಲಿ ಆಲ್ಫಾ ಎಂಬ ಅನುವಾದಕ ಸಿದ್ಧವಾಯಿತು.

ಆದರೆ ಭಾಷೆಗಳು ಬೆಳೆದವು, ಯಂತ್ರಗಳೂ ಬೆಳೆದವು. ಮೂರು ಭಾಷೆ, ನಾಲ್ಕು ಯಂತ್ರಗಳಿದ್ದರೆ ಹನ್ನೆರಡು ಅನುವಾದಕಗಳು ಬೇಕು. ನಡುವೆ ಒಂದು ಸಾಮಾನ್ಯ ಭಾಷೆಯಿದ್ದರೆ ಏಳು ಭಾಗಗಳು ಸಾಕು. ಪ್ಯಾಸ್ಕಲ್, ಸಿಮುಲಾ-67, ಆಲ್ಗಾಲ್-68 ಎಲ್ಲವೂ ಆಲ್ಗಾಲ್-60ರ ವಂಶದವು. ಷರತ್ತು, ಆವರ್ತನೆ, ಉಪಕ್ರಮವಿಧಿಗಳು ಎಲ್ಲದರಲ್ಲೂ ಉಂಟು. ಈ ಬಾಂಧವ್ಯವನ್ನು ನಂಬಿ ಯೆರ್ಶೋವರು 1970ರ ದಶಕದಲ್ಲಿ ಬೀಟಾ ಯೋಜನೆಗೆ ಕೈಹಾಕಿದರು.

ತೊಡಕು ಹೊರರೂಪದಲ್ಲಿರಲಿಲ್ಲ, ಒಳಗಿತ್ತು. ಪ್ಯಾಸ್ಕಲ್‌ನಲ್ಲಿ ಉಪಕ್ರಮವಿಧಿಯು ಮುಗಿದೊಡನೆ ಅದರ ಸ್ವಂತ ದತ್ತಾಂಶಗಳಿಗೆ ಮೀಸಲಾದ ಸ್ಥಳ ತೆರವಾಗುತ್ತದೆ. ಸಿಮುಲಾದಲ್ಲಾದರೋ ಒಮ್ಮೆ ಸೃಷ್ಟಿಯಾದ ವಸ್ತು ತನ್ನ ಕೆಲಸವನ್ನು ನಡುವೆ ನಿಲ್ಲಿಸಿ, ಬಳಿಕ ಅಲ್ಲಿಂದಲೇ ಮುಂದುವರಿಸಬಲ್ಲದು. ಅದರ ಸ್ಥಳವನ್ನು ಕಾದಿರಿಸಲೇಬೇಕು. ಆಲ್ಗಾಲ್-68 ಮೌಲ್ಯಗಳನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ತಾನಾಗಿ ಪರಿವರ್ತಿಸುತ್ತದೆ. ಎಲ್ಲವನ್ನೂ ಒಳಗೊಳ್ಳುವಂತೆ ನಡುಭಾಷೆಯನ್ನು ಹಿಗ್ಗಿಸಿದರೆ ಸರಳ ಭಾಷೆಗೆ ಅನಗತ್ಯ ಹೊರೆ. ಕುಗ್ಗಿಸಿದರೆ ಸಂಕೀರ್ಣ ಭಾಷೆಗೆ ಎಡೆಯಿಲ್ಲ. ಕಾರ್ಯವು 1980ರ ದಶಕಕ್ಕೂ ಚಾಚಿತು. ಒಂದೇ ನಡುಭಾಷೆಯಿಂದ ಸಕಲ ಭಾಷೆಗಳನ್ನೂ ನಿರ್ವಹಿಸುವ ಕನಸು ಅವರ ಜೀವಿತದಲ್ಲಿ ಪೂರ್ಣವಾಗಿ ಕೈಗೂಡಲಿಲ್ಲ. ಭಾಷೆಗಳ ನಿಜವಾದ ಅಂತರ ಎಲ್ಲಿದೆಯೆಂಬುದು ಮಾತ್ರ ಆ ಶ್ರಮದಿಂದ ಸ್ಪಷ್ಟವಾಯಿತು. ಇದು ಅಲ್ಪ ಫಲವಲ್ಲ.

ಇಂಗ್ಲಿಷ್ ಕವಿತೆಗಳನ್ನು ರಷ್ಯನ್ ಭಾಷೆಗೆ ತರುವ ಹವ್ಯಾಸವೂ ಅವರಿಗಿತ್ತು. ಅನುವಾದದ ಕಷ್ಟವನ್ನು ಅವರು ಎರಡು ಕಡೆಯಿಂದಲೂ ಬಲ್ಲವರು.

ಕ್ರಮವಿಧಿ ರಚನೆಯನ್ನು ಎರಡನೆಯ ಸಾಕ್ಷರತೆಯೆಂದು 1981ರಲ್ಲಿ ಸಾರಿದ ಅವರು, 1985ರಲ್ಲಿ ಸೋವಿಯತ್ ಶಾಲೆಗಳಲ್ಲಿ ಈ ವಿಷಯ ಕಡ್ಡಾಯವಾದಾಗ ಪಠ್ಯಪುಸ್ತಕದ ಹೊಣೆ ಹೊತ್ತರು. ಬಹುಪಾಲು ಶಾಲೆಗಳಲ್ಲಿ ಯಂತ್ರವೇ ಇರಲಿಲ್ಲ. ಆದುದರಿಂದ ಮಕ್ಕಳು ರಷ್ಯನ್ ಪದಗಳಲ್ಲಿಯೇ ಕ್ರಮವಿಧಿಗಳನ್ನು ಕಾಗದದ ಮೇಲೆ ಬರೆದು ಕಲಿತರು. 1988ರ ಡಿಸೆಂಬರ್ 8ರಂದು, ತಮ್ಮ 57ನೆಯ ವಯಸ್ಸಿನಲ್ಲಿ, ಯೆರ್ಶೋವರು ಕಾಲವಶರಾದರು. ನೊವೊಸಿಬಿರ್ಸ್ಕಿನ ಗಣಕಶಾಸ್ತ್ರ ಸಂಸ್ಥೆಯೊಂದು ಅವರ ಹೆಸರನ್ನು ಧರಿಸಿದೆ.