ಭಾಸ್ಕರಾಚಾರ್ಯರು

ಭಾಸ್ಕರಾಚಾರ್ಯರ ಹೆಸರನ್ನರಿಯದ ವಿದ್ಯಾವಂತರು ನಮ್ಮ ದೇಶದಲ್ಲಿ ವಿರಳ. ಆದರೆ ಅವರನ್ನು ಕೊಂಡಾಡುವವರೊಳಗೆ ಅವರ ಲೆಕ್ಕವೊಂದನ್ನಾದರೂ ಬಿಡಿಸಿ ನೋಡಿದವರು ಇನ್ನೂ ವಿರಳ. ಆದುದರಿಂದ ಆ ಮಹನೀಯರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಆಚಾರ್ಯರು ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ ಜನಿಸಿದರು. ಸಹ್ಯಾದ್ರಿ ಪ್ರಾಂತದ ವಿಜ್ಜಡವಿಡವು ಅವರ ಊರು. ಜ್ಯೋತಿಷಶಾಸ್ತ್ರದಲ್ಲಿ ನಿಪುಣರಾದ ತಂದೆ ಮಹೇಶ್ವರರೇ ಅವರಿಗೆ ಗುರುಗಳು. 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳೆಂಬುವು ಅದರ ನಾಲ್ಕು ಭಾಗಗಳು. ಸೂತ್ರಗಳನ್ನು ಹೇಳಿ ಸುಮ್ಮನಾಗದೆ, ಅವುಗಳ ಉಪಪತ್ತಿಯನ್ನು ತೋರಿಸಲು ತಾವೇ ವಾಸನಾಭಾಷ್ಯವನ್ನೂ ಬರೆದರು.

ಅವರ ಬೋಧನಕ್ರಮಕ್ಕೆ ಬೀಜಗಣಿತದ ಒಂದು ಲೆಕ್ಕವು ಸಾಕ್ಷಿಯಾಗಿದೆ. ಕಪಿಗಳ ಹಿಂಡಿನ ಐದನೆಯ ಒಂದು ಪಾಲಿನಲ್ಲಿ 3ನ್ನು ಕಳೆದು, ಶೇಷವನ್ನು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಉಳಿದ ಒಂದು ಕೊಂಬೆಯ ಮೇಲಿತ್ತು, ಹಿಂಡಿನಲ್ಲಿದ್ದ ಕಪಿಗಳೆಷ್ಟು? ಸಮೀಕರಣವನ್ನು ಶೋಧಿಸಿದರೆ, ಅವ್ಯಕ್ತದ ವರ್ಗಕ್ಕೆ 250ನ್ನು ಕೂಡಿಸಿದ ಮೊತ್ತವು ಅವ್ಯಕ್ತದ 55 ಮಡಿಗೆ ಸಮವಾಗುತ್ತದೆ. ಇದಕ್ಕೆ 50 ಮತ್ತು 5 ಎಂಬ ಎರಡು ಉತ್ತರಗಳುಂಟು. 50ರ ಪಂಚಮಾಂಶವು 10. 3ನ್ನು ಕಳೆದರೆ 7. ಅದರ ವರ್ಗ 49. ಕೊಂಬೆಯ ಕಪಿಯೊಂದು ಸೇರಿ 50 ಸರಿಹೋಗುತ್ತದೆ. 5ರ ಪಂಚಮಾಂಶವು 1. ಅದರಲ್ಲಿ 3ನ್ನು ಕಳೆದರೆ ಋಣರಾಶಿಯುಳಿಯುತ್ತದೆ. ಋಣಸಂಖ್ಯೆಯ ಕಪಿಗಳನ್ನು ಲೋಕವು ಒಪ್ಪದಾದ್ದರಿಂದ ಆಚಾರ್ಯರು ಎರಡನೆಯದನ್ನು ತ್ಯಜಿಸಿದರು. ಬಂದ ಉತ್ತರವನ್ನು ವಿವೇಕದ ಒರೆಗಲ್ಲಿಗೆ ಹಚ್ಚಬೇಕೆಂಬುದೇ ಇಲ್ಲಿಯ ಪಾಠ.

ಇನ್ನೊಂದೆಡೆಯಲ್ಲಿ, ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1ನ್ನು ಕೂಡಿಸಿದರೆ ಮತ್ತೊಂದು ವರ್ಗವು ಬರುವುದೆಂದು ಕೇಳಿ, ಚಕ್ರವಾಲ ಕ್ರಮದಿಂದ 22,61,53,980 ಎಂದು ಸಾಧಿಸಿದರು. ಇದೇ ಪ್ರಶ್ನೆಯನ್ನು ಫ್ರಾನ್ಸಿನ ಫರ್ಮಾ ಎಂಬ ಪಂಡಿತರು ಯೂರೋಪಿನ ಗಣಿತಜ್ಞರ ಮುಂದಿಟ್ಟುದು 1657ರಲ್ಲಿ. ಗ್ರಹಗಳ ತಾತ್ಕಾಲಿಕ ಗತಿಯನ್ನು ಗಣಿಸುವಲ್ಲಿ, ಕೋನವು ಅತ್ಯಲ್ಪವಾಗಿ ಬೆಳೆದರೆ ಅದರ ಜ್ಯೆಯು ಕೋಟಿಜ್ಯೆಯ ಪ್ರಮಾಣದಲ್ಲಿ ಬೆಳೆಯುವುದೆಂಬುದನ್ನು ಅವರು ಬಳಸಿದರು. ಇಂದು ಕಾಲೇಜಿನ ವಿದ್ಯಾರ್ಥಿಗಳು ಕಲನಶಾಸ್ತ್ರದ ಮೊದಲ ಪಾಠಗಳಲ್ಲಿ ಕಲಿಯುವುದು ಇದನ್ನೇ. ಆ ಶಾಸ್ತ್ರವು ಪೂರ್ಣರೂಪವನ್ನು ತಾಳಿದುದು ಶತಮಾನಗಳ ಅನಂತರವಾದರೂ ಬೀಜವು ಇಲ್ಲಿತ್ತೆಂಬುದರಲ್ಲಿ ಸಂಶಯವಿಲ್ಲ.

1183ರಲ್ಲಿ, ಮುಪ್ಪಿನಲ್ಲಿಯೂ ಬಿಡದೆ, ಕರಣಕುತೂಹಲವನ್ನು ಬರೆದರು. ಮೊಮ್ಮಗ ಚಂಗದೇವರು ಯಾದವ ಸಿಂಘಣನ ಆಸ್ಥಾನ ಜ್ಯೋತಿಷಿಗಳಾಗಿ, ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದೇ ಒಂದು ಮಠವನ್ನು ಸ್ಥಾಪಿಸಿದರೆಂದು 1207ರ ಶಾಸನವು ಸಾರುತ್ತದೆ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿಯು ಲೀಲಾವತಿಯನ್ನು ಪಾರಸಿಗೆ ತಂದನು. 1817ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಇಂಗ್ಲಿಷಿಗೆ ತಂದರು.

ಪರಕೀಯರು ಶ್ರಮವಹಿಸಿ ಓದಿದ ಗ್ರಂಥವನ್ನು ನಾವು ಪೂಜಿಸಿ ಮುಚ್ಚಿಡುವುದು ಅಭಿಮಾನವೆನಿಸದು. ನಮ್ಮ ಮಕ್ಕಳು ಪರೀಕ್ಷೆಗಾಗಿ ಬಿಡಿಸಿಟ್ಟ ಉತ್ತರಗಳನ್ನು ಉರು ಹೊಡೆಯುತ್ತಿರುವವರೆಗೆ ಆಚಾರ್ಯರ ಜಯಂತಿಗಳಿಂದ ಫಲವಿಲ್ಲ. ಉಪಾಧ್ಯಾಯರು ಲೆಕ್ಕದ ಕಾರಣವನ್ನು ಹೇಳಲಿ. ತಂದೆತಾಯಿಗಳು ಅಂಕಗಳೊಡನೆ ಆ ಕಾರಣವನ್ನೂ ಕೇಳಲಿ. ಆಚಾರ್ಯರ ಋಣವನ್ನು ತೀರಿಸಲು ಇದೇ ಸನ್ಮಾರ್ಗವೆಂದು ನಾವು ನಂಬಿದ್ದೇವೆ.