ವಿದ್ಯುತ್ತನ್ನು ತೂಗಿದ ಮೈಕೇಲ್ ಫ್ಯಾರಡೆ



ಈ ಸಲದ ಗೋಡೆ ಪತ್ರಿಕೆಗೆ ನಾನು ವಿಜ್ಞಾನಿ ಮೈಕೇಲ್ ಫ್ಯಾರಡೆ ಅವರ ಬಗ್ಗೆ ಬರೆಯುತ್ತಿದ್ದೇನೆ. ಡೈನಮೋ ವಿಷಯ ಹೇಳುವಾಗ ಸರ್ ಅವರ ಹೆಸರು ಹೇಳಿದ್ದರು. ಆದರೆ ರಸಾಯನಶಾಸ್ತ್ರದಲ್ಲೂ ಅವರು ದೊಡ್ಡ ಕೆಲಸ ಮಾಡಿದ್ದಾರೆ. ಅದು ಡೈನಮೋಗಿಂತ ಕಡಿಮೆಯೇನಲ್ಲ ಅಂತ ನನಗನ್ನಿಸುತ್ತದೆ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಲಂಡನ್ ಪಟ್ಟಣದ ಹತ್ತಿರ ಜನಿಸಿದರು. ತಂದೆ ಕಮ್ಮಾರರು. ಅವರಿಗೆ ಆಗಾಗ ಕಾಯಿಲೆ, ಮನೆಯಲ್ಲಿ ಬಡತನ. ಓದು, ಬರಹ, ಸ್ವಲ್ಪ ಲೆಕ್ಕ ಇಷ್ಟೇ ಶಾಲೆಯಲ್ಲಿ ಕಲಿತದ್ದು. ಹದಿಮೂರನೇ ವಯಸ್ಸಿಗೆ, ಅಂದ್ರೆ ನನ್ನಷ್ಟಿದ್ದಾಗ, ರಿಬೋ ಎಂಬ ಪುಸ್ತಕದಂಗಡಿಯವರ ಹತ್ತಿರ ಕೆಲಸಕ್ಕೆ ಸೇರಿ ಮನೆಮನೆಗೆ ಪೇಪರ್ ಕೊಡುತ್ತಿದ್ದರು. ಮಾರನೇ ವರ್ಷ ಅಲ್ಲೇ ಬೈಂಡಿಂಗ್ ಕಲಿಯಲು ನಿಂತರು. ಏಳು ವರ್ಷ ಅದೇ ಕೆಲಸ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಓದಿಕೊಳ್ಳುತ್ತಿದ್ದರು. ಜೇನ್ ಮಾರ್ಸೆಟ್ ಎಂಬ ಹೆಂಗಸು ಬರೆದ ರಸಾಯನಶಾಸ್ತ್ರದ ಪುಸ್ತಕವನ್ನೂ ಆ ದಿನಗಳಲ್ಲೇ ಓದಿದರು.

ಓದಿ ಸುಮ್ಮನಿರಲಿಲ್ಲ. 1812ರಲ್ಲಿ ಏಳು ಅರ್ಧ ಪೆನ್ನಿ ನಾಣ್ಯ, ಏಳು ಸತುವಿನ ಬಿಲ್ಲೆ, ನಡುನಡುವೆ ಉಪ್ಪುನೀರಲ್ಲಿ ಅದ್ದಿದ ಆರು ಕಾಗದದ ತುಂಡು ಇಟ್ಟು ಬ್ಯಾಟರಿ ಮಾಡಿದರು. ಅದರಿಂದ ಮೆಗ್ನೀಸಿಯಂ ಸಲ್ಫೇಟ್ ದ್ರಾವಣವನ್ನು ವಿಭಜಿಸಿದರು. ಅದೇ ವರ್ಷ ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟಿದ್ದರಿಂದ ಹಂಫ್ರಿ ಡೇವಿ ಎಂಬ ದೊಡ್ಡ ವಿಜ್ಞಾನಿಯ ಭಾಷಣ ಕೇಳಿದರು. ಕೇಳಿದ್ದನ್ನೆಲ್ಲ ಬರೆದು, ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳಿಸಿದರು. ಕಲಿತ ಕಸುಬು ಹೇಗೆ ಉಪಯೋಗಕ್ಕೆ ಬಂತು ನೋಡಿ! 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಯವರಿಗೆ ಸಹಾಯಕರಾಗಿ ಕೆಲಸ ಸಿಕ್ಕಿತು.

ಇಲ್ಲಿ ಒಂದು ಮಾತು. ಏಳನೇ ಮುಗಿಸಿ ಶಾಲೆ ಬಿಡ್ತೀನಿ ಅನ್ನೋರು ನಮ್ಮ ಕ್ಲಾಸಿನಲ್ಲೂ ಇದ್ದಾರೆ. ಫ್ಯಾರಡೆ ಬಿಟ್ಟಿರಲಿಲ್ವಾ ಅಂತ ಅವರು ಕೇಳಬಹುದು. ಆದರೆ ಫ್ಯಾರಡೆಯವರಿಗೆ ಗಣಿತ ಕೊನೆಯವರೆಗೂ ಬರಲಿಲ್ಲ. ಅವರ ವಿಚಾರಗಳನ್ನು ಮುಂದೆ ಮ್ಯಾಕ್ಸ್‌ವೆಲ್ ಎಂಬುವರು ಗಣಿತದಲ್ಲಿ ಬರೆಯಬೇಕಾಯಿತು. ಫ್ಯಾರಡೆಯವರಿಗೆ ಶಾಲೆ ತಪ್ಪಿದ್ದು ಬಡತನದಿಂದ, ಇಷ್ಟಪಟ್ಟು ಅಲ್ಲ.

1831ರಲ್ಲಿ ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಿದರು. ಡೈನಮೋ ಅದರಿಂದಲೇ ಬಂತು. ಆಮೇಲೆ ವಿದ್ಯುದ್ವಿಭಜನೆಯ ಕಡೆ ತಿರುಗಿದರು.

ಸರ್ ತೋರಿಸಿದ ಪ್ರಯೋಗ ನೆನಪಿದೆಯಲ್ಲ? ತೋಟಕ್ಕೆ ಹೊಡೆಯುವ ಮೈಲುತುತ್ತವನ್ನು ನೀರಲ್ಲಿ ಕರಗಿಸಿ, ಹಳೇ ಟಾರ್ಚ್ ಸೆಲ್ಲಿನ ಎರಡು ಕಪ್ಪು ಕಡ್ಡಿ ಇಳಿಸಿ ಬ್ಯಾಟರಿಗೆ ಸೇರಿಸಿದರು. ಋಣ ತುದಿಯ ಕಡ್ಡಿಗೆ ಕೆಂಪಗೆ ತಾಮ್ರ ಹಿಡೀತು. ನಾವೆಲ್ಲ ಬಣ್ಣ ನೋಡಿ ಖುಷಿಪಟ್ವಿ. ಫ್ಯಾರಡೆ ನೋಡಿದ್ದು ಅದು ಎಷ್ಟು ತೂಕ ಅಂತ. ಅವರು ಆಮ್ಲ ಬೆರೆಸಿದ ನೀರಿನಲ್ಲಿ ವಿದ್ಯುತ್ ಹಾಯಿಸಿ, ಹೊರಬಂದ ಅನಿಲವನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಅಳೆದರು. ಲೋಹದ ತಗಡು ಚಿಕ್ಕದು ಹಾಕಿದರು, ದೊಡ್ಡದು ಹಾಕಿದರು, ಆಮ್ಲ ಹೆಚ್ಚು ಕಡಿಮೆ ಮಾಡಿದರು. ಹಾದ ವಿದ್ಯುತ್ ಒಂದೇ ಆಗಿದ್ದರೆ ಅನಿಲವೂ ಅಷ್ಟೇ ಬರುತ್ತಿತ್ತು. ವಿದ್ಯುತ್ ಎರಡರಷ್ಟು ಹರಿದರೆ ವಸ್ತುವೂ ಎರಡರಷ್ಟು. ಇದು ಅವರ ಮೊದಲನೇ ನಿಯಮ. ವಿದ್ಯುತ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಡ್ಡಿಗೆ ಹಿಡಿದ ತಾಮ್ರ ತೂಗಿದರೆ ಎಷ್ಟು ಹರಿಯಿತು ಅಂತ ಹೇಳಬಹುದು!

ಎರಡನೇ ನಿಯಮ ನನಗೆ ಇನ್ನೂ ಆಶ್ಚರ್ಯ. ಒಂದೇ ವಿದ್ಯುತ್ತನ್ನು ಸಾಲಾಗಿ ಬೇರೆಬೇರೆ ದ್ರಾವಣಗಳಲ್ಲಿ ಹಾಯಿಸಿದರೆ, 1 ಗ್ರಾಂ ಜಲಜನಕ ಬರುವಷ್ಟರಲ್ಲಿ ಮೈಲುತುತ್ತದಿಂದ ಸುಮಾರು 32 ಗ್ರಾಂ ತಾಮ್ರ, ಬೆಳ್ಳಿಯ ದ್ರಾವಣದಿಂದ ಸುಮಾರು 108 ಗ್ರಾಂ ಬೆಳ್ಳಿ ಬರುತ್ತದೆ. ಪ್ರತಿಯೊಂದಕ್ಕೂ ಅದರದೇ ಲೆಕ್ಕ. ಬೆಳ್ಳಿ ಲೇಪ ಕೊಡುವವರು ಎಷ್ಟು ಹೊತ್ತು ವಿದ್ಯುತ್ ಹಾಯಿಸಬೇಕು ಅಂತ ಲೆಕ್ಕ ಹಾಕುವುದು ಇದರಿಂದಲೇ. ಇಷ್ಟು ಕೆಲಸಕ್ಕೆ ಬೇಕಾಗುವ ಸುಮಾರು 96,485 ಕೂಲಂಬ್ ವಿದ್ಯುತ್ತಿಗೆ ಆಮೇಲೆ ಒಂದು ಫ್ಯಾರಡೆ ಅಂತಲೇ ಹೆಸರಿಟ್ಟರು.

ಹೊಸ ವಿಷಯಕ್ಕೆ ಹೊಸ ಹೆಸರೂ ಬೇಕಾಯ್ತು. 1834ರಲ್ಲಿ ಕೇಂಬ್ರಿಜ್ಜಿನ ವಿಲಿಯಂ ಹ್ಯೂವೆಲ್ ಎಂಬ ಪಂಡಿತರನ್ನು ಕೇಳಿ ಆನೋಡ್, ಕ್ಯಾಥೋಡ್, ಅಯಾನ್ ಪದಗಳನ್ನು ಗ್ರೀಕ್ ಭಾಷೆಯಿಂದ ತಂದರು. ಅಯಾನ್ ಅಂದರೆ ಹೋಗುವಂಥದ್ದು ಅಂತ.

ಫ್ಯಾರಡೆ ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯಲ್ಲಿ ಪ್ರಯೋಗ ತೋರಿಸಿ ಭಾಷಣ ಮಾಡುತ್ತಿದ್ದರು. ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ ಅಂದರೆ ಬೇಡವೆಂದರು. ವಯಸ್ಸಾದ ಮೇಲೆ ನೆನಪಿನ ಶಕ್ತಿ ಕುಂದಿತು. 1867ರ ಆಗಸ್ಟ್ 25ರಂದು ತೀರಿಕೊಂಡರು. ಲಂಡನ್ನಿನ ಹೈಗೇಟ್‌ನಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಇರುವುದು ಹೆಸರು, ಹುಟ್ಟಿದ ದಿನ, ಸತ್ತ ದಿನ ಅಷ್ಟೇ.